ಬೂಷ್ಟು ಹಿಡಿದ ಗೋಡೆ, ಸೀಳಿದ ಬೇಸಿನ್: ಠೇವಣಿಯಲ್ಲಿ ಎಷ್ಟು ಹಿಡಿಯಬಹುದು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೇಲಿನ ಮಹಡಿಯನ್ನು ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟಿದ್ದೆ. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಮೂರು ವರ್ಷ ಎರಡು ತಿಂಗಳು ಇದ್ದು ಕಳೆದ ವಾರ ಖಾಲಿ ಮಾಡಿದರು. ಬಾಡಿಗೆ ಒಂದು ತಿಂಗಳೂ ತಡವಾಗಿಲ್ಲ. ಆದರೆ ಅವರು ಹೋದ ಮೇಲೆ ಒಳಗೆ ಕಾಲಿಟ್ಟಾಗ ಎದೆ ಧಸಕ್ಕೆಂದಿತು. ನಡುಮನೆಯ ಗೋಡೆಯ ಮೇಲೆ ಮಕ್ಕಳು ಬಣ್ಣದ ಕಡ್ಡಿಯಲ್ಲಿ ಗೀಚಿದ್ದಾರೆ. ಮೊಳೆಯ ತೂತುಗಳನ್ನು ಎಣಿಸಿದೆ, ಹದಿನಾಲ್ಕು. ಮಲಗುವ ಕೋಣೆಯಲ್ಲಿ ಬೀರು ಇಟ್ಟಿದ್ದ ಕಡೆ ಗೋಡೆಗೆ ಕಪ್ಪು ಬೂಷ್ಟು. ವಾಶ್ ಬೇಸಿನ್ ಸೀಳಿದೆ, ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿದೆ, ಮೂರು ಕೀಲಿಕೈಗಳಲ್ಲಿ ಎರಡೇ ಬಂದಿವೆ. ಗುತ್ತಿಗೆದಾರರು ಕೊಟ್ಟ ಅಂದಾಜು ಠೇವಣಿಯನ್ನೂ ಮೀರಿದೆ. ಬಾಡಿಗೆಯವರು ‘ಮೂರು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಇವೆಲ್ಲ ಸಹಜ, ಬೂಷ್ಟು ಮಳೆಯಿಂದ ಬಂದದ್ದು, ನಿಮಗೆ ಎರಡು ಸಲ ಹೇಳಿದ್ದೆವು’ ಎನ್ನುತ್ತಾರೆ. ಅವರು ಬರುವ ಒಂದು ವರ್ಷ ಮೊದಲು ಬಣ್ಣ ಮಾಡಿಸಿದ್ದೆ. ಬಂದ ದಿನ ಫೋಟೊ ತೆಗೆದಿರಲಿಲ್ಲ. ಕರಾರಿನಲ್ಲಿ ‘ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು’ ಎಂದಿದೆ. ಪೂರ್ತಿ ಠೇವಣಿ ಹಿಡಿದುಕೊಂಡು, ಮಿಕ್ಕದ್ದನ್ನು ಅವರಿಂದ ಕೇಳಬಹುದೇ? ಇನ್ನೊಂದು ಮಾತು: ಆ ಹಣವನ್ನು ಹೋದ ವರ್ಷ ಮಾಳಿಗೆಯ ರಿಪೇರಿಗೆ ಬಳಸಿಬಿಟ್ಟೆ. ಈಗ ನನ್ನ ಕೈಯಲ್ಲಿ ಅರ್ಧದಷ್ಟು ಮಾತ್ರ ಇದೆ.

ಉತ್ತರ: ಆ ಕೊನೆಯ ಮಾತನ್ನು ಬರೆಯುವುದು ನಿಮಗೆ ಸುಲಭವಾಗಿರಲಿಕ್ಕಿಲ್ಲ. ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮನೆಗೆ ಆದ ಹಾನಿಗೆ ಎಷ್ಟು ಹಣ ಹಿಡಿಯಬಹುದು ಎಂಬುದು ಒಂದು. ಹಿಂದಿರುಗಿಸಬೇಕಾದ ಹಣ ಕೈಯಲ್ಲಿಲ್ಲ ಎಂಬುದು ಇನ್ನೊಂದು. ಬಾಡಿಗೆ ಮನೆಗಳ ತಪಾಸಣೆ ಮಾಡುತ್ತ, ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಕುಳಿತು ಲೆಕ್ಕ ತೀರಿಸುತ್ತ ಬಂದ ಇಷ್ಟು ವರ್ಷಗಳಲ್ಲಿ ನಾನು ಕಂಡದ್ದೆಂದರೆ, ಹೆಚ್ಚಿನ ಠೇವಣಿ ಜಗಳಗಳ ಅಡಿಯಲ್ಲಿ ಈ ಎರಡನೆಯ ಚಿಂತೆಯೇ ಇರುತ್ತದೆ. ಹಣ ಖರ್ಚಾಗಿರುತ್ತದೆ, ಹಾಗಾಗಿ ಗೋಡೆಯ ಮೇಲಿನ ಪ್ರತಿ ಗೀರೂ ದೊಡ್ಡದಾಗಿ ಕಾಣಿಸತೊಡಗುತ್ತದೆ. ನೀವು ಬೇಕೆಂದೇ ಹಾಗೆ ಮಾಡುತ್ತಿದ್ದೀರಿ ಎಂದು ಹೇಳುತ್ತಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಮೊದಲು ನೇರ ಉತ್ತರ. ನೀವು ಹೇಳಿರುವ ಸಂಗತಿಗಳ ಮೇಲೆ ಪೂರ್ತಿ ಠೇವಣಿ ಹಿಡಿಯಲು ಆಧಾರವಿಲ್ಲ. ಅದರ ಮೇಲೆ ಇನ್ನಷ್ಟು ಕೇಳುವುದಂತೂ ದೂರದ ಮಾತು. ಒಂದಷ್ಟು ಭಾಗ ಹಿಡಿಯಬಹುದು, ಆದರೆ ಅದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ.

ಠೇವಣಿ ಮಾಲೀಕರ ಕೈಯಲ್ಲಿರುವ ಬಾಡಿಗೆದಾರರ ಹಣ. ಬಾಡಿಗೆ ಬಾಕಿ ಉಳಿದರೆ, ಮನೆಗೆ ಹಾನಿಯಾದರೆ ಅದರಿಂದ ತುಂಬಿಕೊಳ್ಳಲು ನಮ್ಮ ವಶದಲ್ಲಿ ಇಟ್ಟುಕೊಂಡಿರುತ್ತೇವೆ, ಅಷ್ಟೆ. ಬೇರೆ ಬೇರೆ ದೇಶಗಳ ಕಾನೂನು ಇದನ್ನು ಬೇರೆ ಬೇರೆ ಬಿಗಿಯಲ್ಲಿ ಹೇಳುತ್ತದೆ. ಇಂಗ್ಲೆಂಡಿನಲ್ಲಿ 2007ರಿಂದ ಮಾಲೀಕರು ಠೇವಣಿಯನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರ ಅಡಿಗೆ ತರಬೇಕು. ಈಗ ಅದಕ್ಕೆ ಇರುವ ಗಡುವು 30 ದಿನ. ವಿವಾದವಾದರೆ ಕಡಿತಕ್ಕೆ ಕಾರಣ ತೋರಿಸುವ ಹೊಣೆ ಮಾಲೀಕರದ್ದು. ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮಾಲೀಕರ ಸ್ವಂತ ಹಣದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಇಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನಗಳೊಳಗೆ ಕಡಿತದ ಬಾಬುವಾರು ಪಟ್ಟಿಯೊಂದಿಗೆ ಉಳಿದ ಹಣ ಕೈ ಸೇರಬೇಕು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸುತ್ತದೆ, ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮದಾಗಿಸಿಕೊಂಡಲ್ಲಷ್ಟೇ ಜಾರಿಗೆ ಬರುತ್ತದೆ. ನಿಮ್ಮಲ್ಲಿ ಯಾವ ನಿಯಮ, ಎಷ್ಟು ದಿನಗಳ ಗಡುವು ಎಂಬುದನ್ನು ಸ್ಥಳೀಯ ವಕೀಲರಲ್ಲಿ ಇವತ್ತೇ ವಿಚಾರಿಸಿ. ಲೆಕ್ಕ ಸರಿಯಿದ್ದೂ ಗಡುವು ತಪ್ಪಿದ ಒಂದೇ ಕಾರಣಕ್ಕೆ ಸೋತವರನ್ನು ನಾನು ಕಂಡಿದ್ದೇನೆ.

ನಿಮ್ಮ ಬಾಡಿಗೆಯವರು ‘ಸಹಜ’ ಎನ್ನುತ್ತಿರುವುದಕ್ಕೆ ಕಾನೂನಿನಲ್ಲೂ ನೆಲೆಯಿದೆ. ಭಾರತದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುತ್ತದೆ. ಆದರೆ ಸಾಧಾರಣ ಬಳಕೆಯ ಸವಕಳಿಗೆ ಮತ್ತು ಮನುಷ್ಯನ ಕೈ ಮೀರಿದ ಕಾರಣಗಳಿಂದ ಆದ ಬದಲಾವಣೆಗೆ ಅವನನ್ನು ಹೊಣೆ ಮಾಡುವುದಿಲ್ಲ. ಈ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಬಹುತೇಕ ಎಲ್ಲ ಕಡೆ ಇದೆ. ಓಡಾಡಿದ ಜಾಗದಲ್ಲಿ ನೆಲದ ಹೊಳಪು ಮಾಸುವುದು, ಬಿಸಿಲು ಬೀಳುವ ಗೋಡೆಯ ಬಣ್ಣ ತಿಳಿಯಾಗುವುದು, ನಲ್ಲಿಯ ವಾಷರ್ ಸವೆಯುವುದು, ಸ್ವಿಚ್ಚಿನ ಸುತ್ತ ಕೈಗಲೆ ಕೂರುವುದು ಇವೆಲ್ಲ ಸವಕಳಿ. ಅದರ ಬೆಲೆಯನ್ನು ನೀವು ತಿಂಗಳು ತಿಂಗಳು ಬಾಡಿಗೆಯ ರೂಪದಲ್ಲಿ ಪಡೆದಾಗಿದೆ. ಹಾನಿಯೆಂದರೆ ಎಚ್ಚರವಹಿಸಿದ್ದರೆ ಆಗದೇ ಇರಬಹುದಾಗಿದ್ದದ್ದು: ಒಡೆದ ಗಾಜು, ಸುಟ್ಟ ಕಟ್ಟೆ, ಕಿತ್ತ ಚಿಲಕ.

ಇಲ್ಲಿಯವರೆಗಿನದು ಹೆಚ್ಚಿನವರಿಗೆ ಗೊತ್ತಿದೆ. ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಾನಿ ಬಾಡಿಗೆದಾರರಿಂದಲೇ ಆಗಿದೆ ಎಂದು ಸಾಬೀತಾದರೂ ಹೊಸದರ ಪೂರ್ತಿ ಬೆಲೆ ಅವರ ಮೇಲೆ ಬೀಳುವುದಿಲ್ಲ. ಹಳೆಯದು ಹಾಳಾದರೆ ನಿಮಗೆ ನಷ್ಟವಾದದ್ದು ಹಳೆಯದರಲ್ಲಿ ಉಳಿದಿದ್ದ ಆಯುಷ್ಯ. ಅಷ್ಟನ್ನು ಮಾತ್ರ ಕೇಳಬಹುದು.

ನಿಮ್ಮ ನಡುಮನೆಯ ಗೋಡೆಯನ್ನೇ ತೆಗೆದುಕೊಳ್ಳಿ. ಬಣ್ಣದ ಕಡ್ಡಿಯ ಗೀಚು ಸವಕಳಿಯಲ್ಲ, ಹಾನಿಯೇ. ಮಕ್ಕಳು ಮಾಡಿದ್ದೆಂಬ ಕಾರಣಕ್ಕೆ ಅದು ಸಹಜವಾಗುವುದಿಲ್ಲ. ಮೊದಲು ಮೆತ್ತನೆಯ ಬಟ್ಟೆಗೆ ಸೋಪಿನ ನೀರು ಹಾಕಿ ಒಂದು ಮೂಲೆಯಲ್ಲಿ ಒರೆಸಿ ನೋಡಿ. ತೊಳೆಯಬಲ್ಲ ಬಣ್ಣವಾಗಿದ್ದರೆ ಅಲ್ಲಿಗೇ ಮುಗಿಯಬಹುದು. ಹೋಗಲಿಲ್ಲ ಎನ್ನೋಣ. ಒಳಗೋಡೆಯ ಬಣ್ಣದ ಬಾಳಿಕೆಯನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಎಂದು ಹಿಡಿಯುತ್ತೇವೆ. ನಿಮಗೆ ಅನುಕೂಲವಾಗುವಂತೆ ಐದೇ ಇಟ್ಟುಕೊಳ್ಳೋಣ, ಅಂದರೆ 60 ತಿಂಗಳು. ಅವರು ಬರುವ ಮೊದಲೇ ಬಣ್ಣಕ್ಕೆ 12 ತಿಂಗಳಾಗಿತ್ತು, ಅವರು ಇದ್ದದ್ದು 38 ತಿಂಗಳು. ಒಟ್ಟು 50 ಕಳೆದಿವೆ, ಉಳಿದದ್ದು 10. ಹಾಗಾಗಿ ಆ ಗೋಡೆಗೆ ಬಣ್ಣ ಹೊಡೆಸುವ ಖರ್ಚಿನಲ್ಲಿ ಅವರ ಪಾಲು ಆರನೇ ಒಂದು. ಅದೂ ಗೀಚಿರುವ ಆ ಗೋಡೆಗೆ ಮಾತ್ರ, ಇಡೀ ಮನೆಗಲ್ಲ. ಮೂರು ವರ್ಷದ ಬಾಳಿಕೆ ಎಂದು ಯಾರಾದರೂ ವಾದಿಸಿದರೆ ಅದೂ ಇಲ್ಲ.

ಹದಿನಾಲ್ಕು ಮೊಳೆಗಳ ವಿಷಯದಲ್ಲಿ ನಾನು ನಿಮ್ಮ ಪರವಾಗಿ ಗಟ್ಟಿಯಾಗಿ ನಿಲ್ಲಲಾರೆ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಕರಾರಿನಲ್ಲಿ ಇತ್ತೇ? ಇಲ್ಲದಿದ್ದರೆ ಕ್ಯಾಲೆಂಡರಿಗೆ, ಫೋಟೊಗೆ, ಗಡಿಯಾರಕ್ಕೆ ಹೊಡೆದ ಸಣ್ಣ ಮೊಳೆಗಳು ಸಂಸಾರದ ಭಾಗ. ಗಾರೆ ಕಿತ್ತು ಬಂದಿರುವ ದೊಡ್ಡ ತೂತುಗಳಿದ್ದರೆ, ಬೋಲ್ಟ್ ಹಾಕಿ ಕಪಾಟು ತೂಗುಹಾಕಿದ್ದ ಗುರುತುಗಳಿದ್ದರೆ ಅವುಗಳನ್ನು ಬೇರೆಯಾಗಿ ಎಣಿಸಿ, ಪುಟ್ಟಿ ತುಂಬಿಸುವ ಕೂಲಿ ಕೇಳಿ.

ಇನ್ನು ಬೇಸಿನ್. ಇದನ್ನು ಹತ್ತಿರದಿಂದ ನೋಡಬೇಕು. ಒಣ ಬಟ್ಟೆಯಿಂದ ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಸೀಳು ಎಲ್ಲಿಂದ ಹೊರಟಿದೆ ಎಂದು ಹುಡುಕಿ. ಯಾವುದೋ ಒಂದು ಬಿಂದುವಿನಲ್ಲಿ ಹೊಳಪು ಚಕ್ಕೆ ಎದ್ದು, ಅಲ್ಲಿಂದ ಗೆರೆಗಳು ನಕ್ಷತ್ರದಂತೆ ಚದುರಿದ್ದರೆ ಮೇಲಿನಿಂದ ಭಾರದ ವಸ್ತು ಬಿದ್ದಿದೆ ಎನ್ನಬಹುದು. ನೀರು ಹೋಗುವ ತೂತಿನ ಅಂಚಿನಿಂದ ಅಥವಾ ನಲ್ಲಿ ಕೂರಿಸಿದ ಜಾಗದಿಂದ ಒಂದೇ ಕೂದಲೆಳೆ ಹೊರಟಿದ್ದರೆ, ಜೋಡಿಸುವಾಗ ನಟ್ಟನ್ನು ಮಿತಿಮೀರಿ ಬಿಗಿ ಮಾಡಿದ್ದು ಕಾರಣವಿರಬಹುದು. ಅಂತಹ ಬಿಗಿ ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ಬಿಸಿನೀರು ಬಿದ್ದಾಗ ಬಾಯಿ ಬಿಡುತ್ತದೆ. ಹೊಳಪಿನ ಮೇಲೆ ಮಾತ್ರ ಜೇಡನ ಬಲೆಯಂತೆ ಸಣ್ಣ ಗೆರೆಗಳು ಹರಡಿದ್ದರೆ ಅದು ವಯಸ್ಸಿನದು, ಸೀಳೇ ಅಲ್ಲ. ಮೊದಲನೆಯದಾದರೆ ಮಾತ್ರ ಬಾಡಿಗೆದಾರರ ಹೊಣೆ. ಆಗಲೂ ಅದೇ ಆಯುಷ್ಯದ ಲೆಕ್ಕ: ಬೇಸಿನ್ನಿಗೆ 20 ವರ್ಷ ಎಂದು ಹಿಡಿದು, ಅದು 12 ವರ್ಷ ಹಳೆಯದಾಗಿದ್ದರೆ, ಅಂಥದ್ದೇ ದರ್ಜೆಯ ಹೊಸ ಬೇಸಿನ್ನಿನ ಖರ್ಚಿನಲ್ಲಿ ಶೇಕಡ 40ರಷ್ಟು. ಈಗ ಅದಕ್ಕಿಂತ ಮೇಲ್ದರ್ಜೆಯದನ್ನು ಹಾಕಿಸುವುದಾದರೆ ಆ ಹೆಚ್ಚುವರಿ ನಿಮ್ಮದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೂಷ್ಟು. ಇಂತಹ ವಿವಾದಗಳಲ್ಲಿ ಮಾಲೀಕರು ‘ಕಿಟಕಿ ತೆರೆಯಲಿಲ್ಲ’ ಎನ್ನುತ್ತಾರೆ, ಬಾಡಿಗೆದಾರರು ‘ಗೋಡೆ ಸೋರುತ್ತದೆ’ ಎನ್ನುತ್ತಾರೆ. ಎರಡೂ ನಿಜವಿರುವ ಮನೆಗಳನ್ನು ನೋಡಿದ್ದೇನೆ. ಬೂಷ್ಟಿಗೆ ಬೇಕಾದ್ದು ತೇವ. ಮೇಲ್ಮೈ ಬಹುಕಾಲ ಒದ್ದೆಯಾಗಿ ಉಳಿದರೆ ಅದು ಹುಟ್ಟುತ್ತದೆ, ಒಣಗಿಸಿದರೆ ನಿಲ್ಲುತ್ತದೆ. ಆದ್ದರಿಂದ ಯಾರ ತಪ್ಪು ಎಂದು ಕೇಳುವ ಮೊದಲು ತೇವ ಎಲ್ಲಿಂದ ಬಂತು ಎಂದು ಕೇಳಬೇಕು. ಅದು ಬರುವ ದಾರಿಗಳು ನಾಲ್ಕೇ, ಒಂದೊಂದೂ ಗೋಡೆಯ ಮೇಲೆ ತನ್ನದೇ ಗುರುತು ಬಿಡುತ್ತದೆ.

ನೆಲದಿಂದ ಮೇಲೇರುವ ತೇವ ಗೋಡೆಯ ಬುಡದಲ್ಲಿ, ಸುಮಾರು ಒಂದು ಮೀಟರ್ ಎತ್ತರದವರೆಗೆ, ಅಡ್ಡಪಟ್ಟಿಯಂತೆ ಕಾಣಿಸಿ ಬಿಳಿ ಉಪ್ಪಿನ ಪುಡಿ ಉದುರಿಸುತ್ತದೆ. ನಿಮ್ಮದು ಮೇಲಿನ ಮಹಡಿ, ಹಾಗಾಗಿ ಇದನ್ನು ಬದಿಗಿಡಬಹುದು. ಒಳಗಿನ ಕೊಳವೆ ಸೋರಿದರೆ ಬಿಸಿಲಿರಲಿ ಮಳೆಯಿರಲಿ ಕಲೆ ದೊಡ್ಡದಾಗುತ್ತಲೇ ಇರುತ್ತದೆ. ಹೊರಗಿನಿಂದ ಇಳಿಯುವ ಮಳೆನೀರು ಛಾವಣಿಯ ಅಂಚಿನಲ್ಲಿ, ಕಿಟಕಿಯ ಮೂಲೆಯಲ್ಲಿ, ಗೋಡೆಯ ಬಿರುಕಿನ ಜಾಡಿನಲ್ಲಿ ಕಂದು ಅಂಚಿನ ಕಲೆ ಮಾಡುತ್ತದೆ, ಮಳೆ ಬಂದ ಮೇಲೆ ಗಾಢವಾಗುತ್ತದೆ, ಬಣ್ಣ ಗುಳ್ಳೆ ಎದ್ದು ಸಿಪ್ಪೆಯಂತೆ ಬಿಡುತ್ತದೆ. ನಾಲ್ಕನೆಯದು ಮನೆಯೊಳಗಿನ ಗಾಳಿಯ ತೇವ. ಅಡುಗೆ, ಸ್ನಾನ, ಒಳಗೆ ಹರವಿದ ಬಟ್ಟೆ, ಮಲಗಿದವರ ಉಸಿರು ಇವುಗಳಿಂದ ಗಾಳಿಗೆ ಸೇರಿದ ನೀರು ತಣ್ಣನೆಯ ಹೊರಗೋಡೆ ಸಿಕ್ಕಲ್ಲಿ ಹನಿಗಟ್ಟುತ್ತದೆ. ಗೋಡೆಗೆ ಒತ್ತಿ ಇಟ್ಟ ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ, ಹಾಗಾಗಿ ಅಲ್ಲೇ ಮೊದಲು. ಇದರಲ್ಲಿ ಬಣ್ಣ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಕಪ್ಪು ಚುಕ್ಕೆಗಳು ಮೇಲ್ಮೈಯಲ್ಲಿ ಮಸಿಯಂತೆ ಕೂತಿರುತ್ತವೆ, ಒರೆಸಿದರೆ ಬಟ್ಟೆಗೆ ಬರುತ್ತವೆ.

ಬೀರುವಿನ ಹಿಂದೆ ಬೂಷ್ಟು ಎಂದ ಕೂಡಲೇ ನಾನೂ ನಾಲ್ಕನೆಯದೇ ಇರಬೇಕೆಂದುಕೊಂಡೆ. ಆಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಹೋದ ವರ್ಷ ಮಾಳಿಗೆಯ ರಿಪೇರಿ ಮಾಡಿಸಿದ್ದೀರಿ. ಏಕೆ ಮಾಡಿಸಿದಿರಿ? ಮಾಳಿಗೆಯ ಆ ಭಾಗ ಮಲಗುವ ಕೋಣೆಯ ಮೇಲೆಯೇ ಇದೆಯೇ? ಅವರು ಎರಡು ಸಲ ಹೇಳಿದ್ದು ರಿಪೇರಿಗೆ ಮೊದಲೋ ನಂತರವೋ? ಈ ಮೂರು ಪ್ರಶ್ನೆಗಳನ್ನು ಎದುರು ಪಕ್ಷದ ವಕೀಲರು ಕೇಳುವ ಮೊದಲು ನೀವೇ ಕೇಳಿಕೊಳ್ಳಿ. ಮಳೆ ಬಂದಾಗ ಗೋಡೆ ಒದ್ದೆಯಾಗುತ್ತದೆ ಎಂದು ಅವರು ಸಂದೇಶ ಕಳಿಸಿದ್ದು, ಅದಾದ ಮೇಲೆ ನೀವು ಮಾಳಿಗೆ ಸರಿಮಾಡಿಸಿದ್ದು ಹೌದಾದರೆ, ಸೋರಿಕೆ ಇತ್ತೆಂಬುದಕ್ಕೆ ನಿಮ್ಮ ರಿಪೇರಿಯ ರಸೀದಿಯೇ ಸಾಕ್ಷಿಯಾಗುತ್ತದೆ. ಹೊರಗಿನ ತೇವ ತಡೆಯುವುದು ಮಾಲೀಕರ ಕೆಲಸ. ತೊಂದರೆ ಕಂಡಾಗ ತಿಳಿಸುವುದು ಬಾಡಿಗೆದಾರರ ಕೆಲಸ, ಅದನ್ನು ಅವರು ಮಾಡಿದ್ದಾರೆ.

ಹಾಗಿದ್ದರೂ ಒಂದು ಪರೀಕ್ಷೆ ಮಾಡಿ. ಮುಖವಸ್ತ್ರ, ಕೈಗವಸು ಹಾಕಿಕೊಂಡು ಕಲೆಯ ಪಕ್ಕದ ಸ್ವಚ್ಛ ಜಾಗವನ್ನು ಒರೆಸಿ ಒಣಗಿಸಿ. ಒಂದಡಿ ಚೌಕದ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಬಿಡಿಸಿದಾಗ ಗೋಡೆಯ ಕಡೆಯ ಮುಖ ಒದ್ದೆಯಿದ್ದರೆ ತೇವ ಗೋಡೆಯೊಳಗಿದೆ. ಕೋಣೆಯ ಕಡೆಯ ಮುಖದಲ್ಲಿ ಹನಿಯಿದ್ದರೆ ಅದು ಗಾಳಿಯ ತೇವ. ಎರಡೂ ಒಣಗಿದ್ದರೆ ಏನೂ ಸಾಬೀತಾಗಲಿಲ್ಲ ಎಂದೇ ತಿಳಿಯಿರಿ, ಏಕೆಂದರೆ ಮಳೆಯಿಲ್ಲದ ದಿನಗಳಲ್ಲಿ, ಯಾರೂ ವಾಸವಿಲ್ಲದ ಮನೆಯಲ್ಲಿ ಹಾಗಾಗುವುದು ಸಾಮಾನ್ಯ. ಗಾಳಿಯ ತೇವ ಎಂದೇ ತಿಳಿದುಬಂದರೂ, ಆ ಕೋಣೆಯಲ್ಲಿ ಗಾಳಿ ಆಡುವಷ್ಟು ಕಿಟಕಿಗಳಿದ್ದವೇ, ಬೀರು ಇಡಲು ಬೇರೆ ಗೋಡೆಯಿತ್ತೇ ಎಂದು ನೋಡಬೇಕು. ನನ್ನ ಅಂದಾಜಿನಲ್ಲಿ ಬೂಷ್ಟಿನ ಬಾಬ್ತು ನಿಮಗೆ ಏನೂ ಸಿಗುವುದಿಲ್ಲ, ಅದನ್ನು ಪಟ್ಟಿಯಿಂದ ಬಿಡುವುದೇ ಲೇಸು. ಗೆಲ್ಲಲಾಗದ ಒಂದು ಬಾಬನ್ನು ಪಟ್ಟಿಯಲ್ಲಿಟ್ಟರೆ ಗೆಲ್ಲಬಹುದಾದ ಬಾಬುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಸಿಂಕ್ ಮತ್ತು ಕೀಲಿಕೈಗಳದ್ದು ಸಣ್ಣ ಮಾತು. ಕೊಳವೆಯಲ್ಲಿ ಜಿಡ್ಡು, ಆಹಾರದ ಚೂರು ಸಿಕ್ಕಿದ್ದರೆ ಬಿಡಿಸಿದ ಕೂಲಿಯನ್ನು ಪೂರ್ತಿಯಾಗಿ ಹಿಡಿಯಬಹುದು, ಶುಚಿಗೊಳಿಸುವುದಕ್ಕೆ ಆಯುಷ್ಯದ ಲೆಕ್ಕ ಬರುವುದಿಲ್ಲ. ಕೊಳವೆಗೆ ಇಳಿಜಾರೇ ಸರಿಯಿಲ್ಲ ಎಂದು ಪ್ಲಂಬರ್ ಹೇಳಿದರೆ ಬಿಟ್ಟುಬಿಡಿ. ಕೀಲಿಕೈಗೆ ಅದನ್ನು ಮಾಡಿಸುವ ಖರ್ಚು ಕೇಳಿ. ಕಳೆದುಹೋಗಿದೆ, ಯಾರ ಕೈಗೆ ಸಿಕ್ಕಿದೆಯೋ ಗೊತ್ತಿಲ್ಲ ಎಂದು ಅವರೇ ಹೇಳಿದರೆ ಬೀಗ ಬದಲಿಸುವ ಖರ್ಚು ಕೇಳುವುದೂ ನ್ಯಾಯವೇ.

ಕರಾರಿನ ಆ ಸಾಲಿನ ಬಗ್ಗೆ ನೀವು ಭರವಸೆ ಇಟ್ಟುಕೊಂಡಿದ್ದೀರಿ ಎನ್ನಿಸುತ್ತದೆ. ಸಹಿ ಹಾಕಿದ ಮಾತಿಗೆ ತೂಕವಿದೆ, ನಿಜ. ಆದರೆ ಅದು ಎಲ್ಲೆಡೆ ಒಂದೇ ರೀತಿ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ 2019ರ ಬಾಡಿಗೆ ಶುಲ್ಕ ಕಾಯ್ದೆಯ ನಂತರ ಇಂತಹ ನಿಗದಿತ ವಸೂಲಿಗೆ ಅವಕಾಶವಿಲ್ಲ. ಭಾರತದಲ್ಲಿ ಅದನ್ನು ಎರಡೂ ಕಡೆಯವರು ಒಪ್ಪಿದ ಶುಲ್ಕ ಎಂದು ನೋಡುತ್ತಾರೋ ಕರಾರು ಮುರಿದದ್ದಕ್ಕೆ ಹಾಕಿದ ಮೊತ್ತ ಎಂದು ನೋಡುತ್ತಾರೋ ಎಂಬುದರ ಮೇಲೆ ವಿಷಯ ತಿರುಗುತ್ತದೆ. ಎರಡನೆಯದಾದರೆ 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ನಿನಂತೆ ಬರೆದಿರುವ ಮೊತ್ತ ಮೇಲ್ಮಿತಿ ಮಾತ್ರ, ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ನಾನು ಖಚಿತವಾಗಿ ಹೇಳುವುದು ಇಷ್ಟು: ಆ ಒಂದು ತಿಂಗಳ ಬಾಡಿಗೆಯನ್ನು ಹಿಡಿದರೆ ಬಣ್ಣದ ಹೆಸರಿನಲ್ಲಿ ಮತ್ತೊಂದು ಕಾಸೂ ಹಿಡಿಯಬೇಡಿ. ಗೀಚು, ಮೊಳೆಯ ತೂತು ಎಲ್ಲ ಅದರಲ್ಲೇ ಸೇರಿಹೋಗುತ್ತವೆ. ಒಂದೇ ಗೋಡೆಗೆ ಎರಡು ಸಲ ಹಣ ಪಡೆದ ಪಟ್ಟಿಯನ್ನು ನೋಡಿದ ಯಾವ ನ್ಯಾಯಾಧೀಶರೂ ಉಳಿದದ್ದನ್ನು ನಂಬುವುದಿಲ್ಲ.

ಫೋಟೊ ತೆಗೆದಿರಲಿಲ್ಲ ಎಂದು ಹಲುಬಿದ್ದೀರಿ. ಬಾಡಿಗೆದಾರರು ಬಂದ ದಿನದ ಸ್ಥಿತಿ ತೋರಿಸಲಾಗದಿದ್ದರೆ ಹೋದ ದಿನದ ಸ್ಥಿತಿಯ ಬಗ್ಗೆ ದೂರುವುದು ಕಷ್ಟ, ಇದು ನಿಮ್ಮ ದುರ್ಬಲ ಜಾಗವೇ. ಆದರೆ ಕೈಚೆಲ್ಲಬೇಡಿ. ಮನೆ ಬಾಡಿಗೆಗಿದೆ ಎಂದು ತೋರಿಸಲು ಯಾರಿಗಾದರೂ ಮೊಬೈಲಿನಲ್ಲಿ ಫೋಟೊ ಕಳಿಸಿದ್ದಿರಾ? ಆ ಅವಧಿಯಲ್ಲಿ ಮೇಲಿನ ಮನೆಯಲ್ಲಿ ನೆಂಟರು ಕೂತ, ಮಕ್ಕಳು ನಿಂತ ಚಿತ್ರಗಳಿವೆಯೇ? ಹಿನ್ನೆಲೆಯಲ್ಲಿ ಬೇಸಿನ್ನಿನ ಅಂಚು ಕಂಡರೂ ಸಾಕು. ಬಣ್ಣದವರ ರಸೀದಿ, ಬೇಸಿನ್ ಕೊಂಡ ಬಿಲ್ಲು, ಆಗ ಕೆಲಸ ಮಾಡಿದ ಪ್ಲಂಬರ್ ಬರೆದುಕೊಡುವ ಎರಡು ಸಾಲು ಎಲ್ಲಕ್ಕೂ ಬೆಲೆಯಿದೆ. ಈ ನಡುವೆ ಏನನ್ನೂ ರಿಪೇರಿ ಮಾಡಿಸಬೇಡಿ. ದೂರದಿಂದ ಒಂದು, ಹತ್ತಿರದಿಂದ ಒಂದು ಎಂಬಂತೆ ಪ್ರತಿಯೊಂದರ ಫೋಟೊ ತೆಗೆದಿಡಿ. ಸರಿಮಾಡಿಸಿಬಿಟ್ಟ ಹಾನಿಯನ್ನು ಯಾರಿಗೂ ತೋರಿಸಲಾಗುವುದಿಲ್ಲ.

ಗುತ್ತಿಗೆದಾರರ ಅಂದಾಜು ಠೇವಣಿಯನ್ನು ಮೀರಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ‘ಮನೆ ಹೊಸದರಂತೆ ಮಾಡಲು ಎಷ್ಟು’ ಎಂದು ಕೇಳಿದರೆ ಅವರು ಅದಕ್ಕೇ ಉತ್ತರ ಕೊಡುತ್ತಾರೆ. ಗೋಡೆ ಗೋಡೆಗೆ, ವಸ್ತು ವಸ್ತುವಿಗೆ ಬೇರೆ ಮಾಡಿ, ಸಾಮಾನು ಎಷ್ಟು ಕೂಲಿ ಎಷ್ಟು ಎಂದು ಬರೆಸಿಕೊಳ್ಳಿ. ಇನ್ನೊಬ್ಬರಿಂದಲೂ ಅಂದಾಜು ಪಡೆಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ಪೂರ್ತಿ ಹಿಡಿದುಕೊಂಡು ಸುಮ್ಮನಿರುವುದು ಮೊದಲನೆಯದು, ಎಲ್ಲಕ್ಕಿಂತ ಅಪಾಯದ್ದು. ಅವರು ನೋಟಿಸ್ ಕೊಟ್ಟರೆ ಬಡ್ಡಿ, ವಕೀಲರ ಖರ್ಚು ನಿಮ್ಮ ಮೇಲೆ ಬರಬಹುದು. ಠೇವಣಿಯನ್ನು ಅನ್ಯಾಯವಾಗಿ ತಡೆಹಿಡಿದ ಮಾಲೀಕರು ಅದರ ಎರಡು ಮೂರು ಪಟ್ಟು ತೆರಬೇಕಾಗುವ ನಿಯಮ ಇರುವ ದೇಶಗಳೂ ಇವೆ. ಎಲ್ಲವನ್ನೂ ಹಿಂದಿರುಗಿಸಿ ಕೈ ತೊಳೆದುಕೊಳ್ಳುವುದು ಇನ್ನೊಂದು. ನೆಮ್ಮದಿ ಸಿಗುತ್ತದೆ, ಆದರೆ ಬೇಸಿನ್ ನಿಜಕ್ಕೂ ಅವರಿಂದ ಒಡೆದಿದ್ದರೆ ಆ ನಷ್ಟ ನಿಮ್ಮದಾಗಿ ಉಳಿಯುತ್ತದೆ. ನಡುವಿನ ದಾರಿ, ನಾನು ಹೇಳುವುದು, ಇಬ್ಬರೂ ಸೇರಿ ಮನೆ ನೋಡಿ ಲೆಕ್ಕ ಮಾಡುವುದು. ಅವರನ್ನು ಕರೆಸಿ. ಅವರ ಎದುರಿನಲ್ಲೇ ಗೋಡೆ ಒರೆಸಿ, ಟಾರ್ಚ್ ಹಿಡಿದು ಬೇಸಿನ್ ತೋರಿಸಿ, ಅವರ ಮಾತನ್ನೂ ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳಿ. ಇದರಲ್ಲೂ ಅಪಾಯವಿದೆ, ಕೋಣೆಯಲ್ಲಿ ಮಾತು ಬಿಸಿಯಾಗಬಹುದು. ಹಾಗಾಗಿ ಇಬ್ಬರಿಗೂ ಬೇಕಾದ ಮೂರನೆಯವರೊಬ್ಬರು ಜೊತೆಗಿರಲಿ. ಲೆಕ್ಕ ಕೂಡಿ ಬರಲಿಲ್ಲವೆಂದರೆ, ವಿವಾದವಿಲ್ಲದ ಭಾಗವನ್ನು ಕೂಡಲೇ ಕೊಟ್ಟುಬಿಡಿ, ಉಳಿದದ್ದಕ್ಕೆ ಮಧ್ಯಸ್ಥಿಕೆ ಕೇಳಿ. ಅರ್ಧಕ್ಕಿಂತ ಹೆಚ್ಚು ಕೈ ಸೇರಿದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಕಡಿಮೆ.

ಇಲ್ಲಿಗೆ ನಿಮ್ಮ ಎರಡನೆಯ ಚಿಂತೆಗೆ ಬಂದೆವು. ಹಣ ಖರ್ಚಾಗಿದೆ ಎಂಬುದನ್ನು ಮುಚ್ಚಿಡಲು ಕಡಿತದ ಪಟ್ಟಿಯನ್ನು ಉದ್ದ ಮಾಡಬೇಡಿ. ನಿಮ್ಮಲ್ಲಿರುವ ಅರ್ಧವನ್ನು ಇದೇ ವಾರ ಅವರ ಖಾತೆಗೆ ಹಾಕಿ, ರಸೀದಿ ಇಟ್ಟುಕೊಳ್ಳಿ. ಉಳಿದದ್ದರಲ್ಲಿ ಕಡಿತ ಕಳೆದು ಎಷ್ಟು ಕೊಡಬೇಕೆಂದು ತೀರ್ಮಾನವಾದ ಮೇಲೆ ಎರಡು ಅಥವಾ ಮೂರು ಕಂತುಗಳ ದಿನಾಂಕ ಹಾಕಿ ಬರೆದುಕೊಡಿ. ಅವರು ಒಪ್ಪಲೇಬೇಕೆಂದಿಲ್ಲ, ಅವರಿಗೂ ಹೊಸ ಮನೆಯ ಠೇವಣಿ ಕಟ್ಟಬೇಕಿರುತ್ತದೆ. ಆದರೆ ಇದ್ದದ್ದನ್ನು ಇದ್ದಂತೆ ಹೇಳಿದವರಿಗೆ ಸಮಯ ಕೊಡುವ ಜನರೇ ಹೆಚ್ಚು ಎಂಬುದು ನನ್ನ ಅನುಭವ. ಮುಂದೆ ಬರುವ ಬಾಡಿಗೆದಾರರ ಠೇವಣಿಯಿಂದ ಇವರದನ್ನು ತೀರಿಸುವ ಯೋಚನೆ ಬಂದಿರಬಹುದು. ಬಹಳ ಜನ ಹಾಗೆಯೇ ಮಾಡುತ್ತಾರೆ. ನಿಯಮ ಬಿಗಿಯಿರುವ ಕಡೆ ಅದು ತಪ್ಪಾಗುತ್ತದೆ. ನಿಯಮವಿಲ್ಲದ ಕಡೆಯೂ ಅದು ಇದೇ ಸಾಲವನ್ನು ಮುಂದಕ್ಕೆ ತಳ್ಳುತ್ತದೆ. ಅನಿವಾರ್ಯವಾದರೆ ಪ್ರತಿ ತಿಂಗಳ ಬಾಡಿಗೆಯಿಂದ ಒಂದು ಪಾಲು ತೆಗೆದಿಟ್ಟು ಪ್ರತ್ಯೇಕ ಖಾತೆಯಲ್ಲಿ ಅದನ್ನು ಮತ್ತೆ ತುಂಬಿಸಿ.

ಅವರಿಗೆ ಬರೆಯುವ ಪತ್ರ ಒಂದು ಪುಟ ಮೀರದಿರಲಿ. ಪಡೆದ ಠೇವಣಿ ಎಷ್ಟು, ಯಾವ ಬಾಬಿಗೆ ಎಷ್ಟು, ಅದರ ಆಯುಷ್ಯದ ಲೆಕ್ಕ ಹೇಗೆ, ಹಿಂದಿರುಗಿಸುವುದು ಎಷ್ಟು, ಯಾವ ದಿನ. ಫೋಟೊ ಮತ್ತು ಅಂದಾಜಿನ ಪ್ರತಿ ಜೊತೆಗಿರಲಿ. ಬೇಸರದ ಮಾತು, ಮಕ್ಕಳನ್ನು ಬೆಳೆಸಿದ ರೀತಿಯ ಮಾತು ಅದರಲ್ಲಿ ಬರಬಾರದು. 38 ತಿಂಗಳು ತಪ್ಪದೆ ಬಾಡಿಗೆ ಕೊಟ್ಟಿದ್ದಾರೆಂದು ನೀವೇ ನನಗೆ ಬರೆದಿರಿ, ಆ ಸಾಲನ್ನು ಅವರಿಗೂ ಬರೆಯಿರಿ.

ಮಲಗುವ ಕೋಣೆಗೆ ಮಾತ್ರ ಈಗಲೇ ಬಣ್ಣದವರನ್ನು ಕಳಿಸಬೇಡಿ. ಮಾಳಿಗೆಯ ರಿಪೇರಿ ಹಿಡಿದಿದೆಯೇ ಎಂದು ಒಂದು ಒಳ್ಳೆಯ ಮಳೆಯಲ್ಲಿ ನೋಡಿ, ಹೊರಗೋಡೆಯ ಬಿರುಕು ಮುಚ್ಚಿಸಿ, ಗೋಡೆಯನ್ನು ಪೂರ್ತಿ ಒಣಗಲು ಬಿಟ್ಟು ಆಮೇಲೆ ಹೊಡೆಸಿ. ಒದ್ದೆ ಗೋಡೆಯ ಮೇಲೆ ಬಳಿದ ಬಣ್ಣ ಬೇಗನೆ ಗುಳ್ಳೆ ಏಳುತ್ತದೆ, ಅದರ ಹಿಂದೆಯೇ ಬೂಷ್ಟು ಬರುತ್ತದೆ, ಆಗ ಅಲ್ಲಿ ಬೀರು ಇಟ್ಟಿರುವವರು ಇನ್ನೊಂದು ಕುಟುಂಬದವರಾಗಿರುತ್ತಾರೆ.